ಶೇಷಪ್ಪಯ್ಯನವರ ಹಳೆಯ ಫ್ರಿಜ್ಜು

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಹುಡುಗಿಯ ಅಪ್ಪನ ಕೈ ಹಿಡಿದು ನೋಡುತ್ತಾರೆ. ಕೈ ಬೆಚ್ಚಗಿದ್ದರೆ ಒಳಗೆ ಬಂದು ಕೂರುತ್ತಾರೆ. ತಣ್ಣಗಿದ್ದರೆ ಜಗಲಿಯ ಮೇಲೇ ನೀರು ಕುಡಿದು, ಇನ್ನೊಂದು ದಿನ ಬರುತ್ತೇವೆ ಎಂದು ಹೇಳಿ ಹೋಗುತ್ತಾರೆ. ಮನೆಯಲ್ಲಿರುವ ಮಿಷನ್ನು ಎಷ್ಟು ಕರೆಂಟನ್ನು ದಂಡ ಮಾಡುತ್ತದೋ ಅಷ್ಟು ಶಾಖ ಅದನ್ನು ಕೊಂಡವರ ಕೈಯಿಂದ ಇಳಿದುಹೋಗುತ್ತದೆ. ನಮ್ಮ ಅಜ್ಜಿಯ ಕಾಲದಿಂದಲೂ ಹಾಗೇ. ಹಳೇ ಫ್ಯಾನಿದ್ದರೆ ಬೆರಳ ತುದಿ ತಣ್ಣಗೆ, ಹಳೇ ಪಂಪ್‌ಸೆಟ್ಟಿದ್ದರೆ ಮುಂಗೈವರೆಗೂ ತಣ್ಣಗೆ. ಅಂಥವರು ಕೈ ಬಗಲಿಗೆ ಸೇರಿಸಿಕೊಂಡು ಮಾತಾಡುವುದನ್ನು ಕಲಿತಿರುತ್ತಾರೆ. ಸಾವಿನ ಮನೆಗೆ ಹೋದರೆ ಯಾರ ಭುಜವನ್ನೂ ಮುಟ್ಟದೆ ಬಾಯಲ್ಲೇ ಸಮಾಧಾನ ಹೇಳಿ ಬರುತ್ತಾರೆ.

ನನ್ನ ಹೊಲಿಗೆ ಮಿಷನ್ನು ಕಾಲಲ್ಲಿ ತುಳಿಯುವಂಥದ್ದು. ನನ್ನ ಹೆಸರಿನಲ್ಲಿ ಬೇರೆ ಯಾವ ಮಿಷನ್ನೂ ಇಲ್ಲ. ಹಾಗಾಗಿ ನನ್ನ ಕೈ ಹುಟ್ಟಿದಾಗ ಹೇಗಿತ್ತೋ ಈಗಲೂ ಹಾಗೇ ಇದೆ. ನಾನು ಹೇಳಹೊರಟಿರುವುದು ನನ್ನ ಅಕ್ಕ ಪದ್ಮಾಕ್ಷಿಯ ಕೈಯ ವಿಷಯ.

ಭಾವ ತೀರಿಕೊಂಡ ಮೇಲೆ ಅಕ್ಕ ದೋಸೆ ಹಿಟ್ಟು ಮಾರಿ ಮಗಳು ಕುಮುದಳನ್ನು ಬೆಳೆಸಿದಳು, ಓದಿಸಿದಳು, ಮದುವೆಯನ್ನೂ ಮಾಡಿದಳು. ನಾನು ಅವಳ ಮನೆಯಲ್ಲೇ ಇದ್ದೆ. ಕಿಟಕಿಯ ಪಕ್ಕ ಕೂತು ರವಿಕೆ ಹೊಲಿಯುತ್ತ ಅವಳು ಹಿಟ್ಟು ಕಲಸುವುದನ್ನು ನೋಡುತ್ತಿದ್ದೆ. ಅಕ್ಕಿಯದು ಬೇರೆ, ಉದ್ದಿನದು ಬೇರೆ ರುಬ್ಬಿ, ಎರಡನ್ನೂ ಕೊಳಗಕ್ಕೆ ಸುರಿದು, ಉಪ್ಪು ಹಾಕಿ, ಮೊಣಕೈವರೆಗೆ ಕೈ ಇಳಿಸಿ ತಿರುವುತ್ತಿದ್ದಳು. ಸೌಟಿನಲ್ಲಿ ಕಲಸಿದರೆ ಹಿಟ್ಟು ಏಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು, ಕೈಯ ಬಿಸುಪು ಬೇಕು. ಅಕ್ಕನ ಕೈ ಬಿದ್ದ ಹಿಟ್ಟು ಬೆಳಗಾಗುವ ಹೊತ್ತಿಗೆ ಕೊಳಗದ ಮುಚ್ಚಳವನ್ನೇ ಎತ್ತಿ ನಿಲ್ಲಿಸುತ್ತಿತ್ತು. ಮೇಲಿನ ಬೀದಿಯ ಶೇಷಪ್ಪಯ್ಯನವರ ಹೋಟೆಲಿನ ದೋಸೆಗೆ ಜನ ನಿಂತು ಕಾಯುತ್ತಿದ್ದುದು ಆ ಹಿಟ್ಟಿಗಾಗಿ. ಶೇಷಪ್ಪಯ್ಯನವರೂ ಅದನ್ನು ಒಪ್ಪಿಕೊಳ್ಳುತ್ತಿದ್ದರು. "ಹೆಸರು ನಂದು ಕಣಮ್ಮ, ಕೈ ನಿಂದು" ಎನ್ನುತ್ತಿದ್ದರು.

ಹೀಗಿರುವಾಗ ಊರಿಗೆ ಚುಕ್ಕಿ ಆಫೀಸು ಬಂತು. ರೆಹಾನಾ ಮೇಡಂ ಎಂಬ ಎಳೆ ವಯಸ್ಸಿನ ಹೆಂಗಸು ಒಂದು ಮೀಟರು ಹೊತ್ತುಕೊಂಡು ಅಂಗಡಿ ಅಂಗಡಿಗೆ ಬರತೊಡಗಿದರು. ಯಾವ ಮಿಷನ್ನು ಎಷ್ಟು ಕರೆಂಟು ಎಳೆಯುತ್ತದೆ, ಎಷ್ಟನ್ನು ದಂಡ ಮಾಡುತ್ತದೆ ಎಂದು ಅಳೆದು ಬರೆದುಕೊಂಡು, ಕೊನೆಗೆ ಯಜಮಾನರ ಅಂಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಬಾಗಿಲ ಮೇಲೆ ಹಳದಿ ಚುಕ್ಕಿಗಳ ಚೀಟಿ ಅಂಟಿಸುತ್ತಿದ್ದರು. ಒಂದರಿಂದ ಐದರವರೆಗೆ ಚುಕ್ಕಿ. ಏನೂ ಸಿಗದವರೂ ಇದ್ದರು.

ಮೊದಮೊದಲು ಜನ ನಕ್ಕರು. ಕೈ ಮುಟ್ಟಿದರೆ ತಿಳಿಯುವುದಕ್ಕೆ ಚೀಟಿ ಯಾಕೆ ಎಂದರು. ಆದರೆ ಕೈ ಮುಟ್ಟಬೇಕೆಂದರೆ ಒಳಗೆ ಹೋಗಬೇಕು, ಮಾತಾಡಿಸಬೇಕು, ಮುಖ ನೋಡಬೇಕು. ಚೀಟಿಯಾದರೆ ರಸ್ತೆಯಿಂದಲೇ ಕಾಣುತ್ತದೆ. ಮೊದಲು ಪೆಟ್ಟು ಬಿದ್ದದ್ದು ಕ್ಷೌರದಂಗಡಿಗೆ. ಚುಕ್ಕಿ ಇಲ್ಲದವನ ಕೈಗೆ ಕತ್ತು ಕೊಡುವವರು ಯಾರು? ಆಮೇಲೆ ಬಳೆ ಅಂಗಡಿ, ಆಮೇಲೆ ಸೀರೆ ಅಂಗಡಿ. ಹಿಂದೆ ತಣ್ಣನೆ ಕೈಯವರನ್ನು ಕಂಡರೆ ಅಯ್ಯೋ ಪಾಪ ಎನ್ನುತ್ತಿದ್ದವರು ಈಗ ಎಂಥ ಅಜಾಗರೂಕರು ಎನ್ನತೊಡಗಿದರು. ಮಕ್ಕಳು ಸ್ಕೂಲಿನಲ್ಲಿ ನಿಮ್ಮನೆಗೆ ಎಷ್ಟು ಚುಕ್ಕಿ ಎಂದು ಕೇಳಿಕೊಂಡರು. ಅಂಗಡಿಯವರು ಹಳೆಯದನ್ನೆಲ್ಲ ಹೊರಗೆ ಹಾಕಿ ಚುಕ್ಕಿ ಇರುವ ಹೊಸ ಮಿಷನ್ನು ತಂದರು. ನಿಜ ಹೇಳಬೇಕೆಂದರೆ ಒಳ್ಳೆಯದೂ ಆಯಿತು. ಶೇಷಪ್ಪಯ್ಯನವರು ಮೂವತ್ತು ವರ್ಷ ಚಿಲ್ಲರೆಯನ್ನು ತಟ್ಟೆಯಲ್ಲಿಟ್ಟು ಕೊಡುತ್ತಿದ್ದವರು. ಯಾರಿಗೂ ಕೈ ತಾಗಿಸುತ್ತಿರಲಿಲ್ಲ. ಹೊಸ ಫ್ರಿಜ್ಜು ಬಂದು ನಾಲ್ಕು ಚುಕ್ಕಿ ಸಿಕ್ಕ ದಿನ ಅವರು ತಟ್ಟೆಯನ್ನು ಒಳಗಿಟ್ಟು, ಬಂದವರ ಅಂಗೈಗೇ ಚಿಲ್ಲರೆ ಕೊಟ್ಟರು. ಕೊಡುವಾಗ ಅವರ ಕಣ್ಣಲ್ಲಿ ನೀರಿತ್ತು. ಕೆಲವರು ಸುಮ್ಮನೆ ಒಂದು ಕಾಫಿ ಕುಡಿದು ದೊಡ್ಡ ನೋಟು ಕೊಟ್ಟು ಆ ಕೈ ಮುಟ್ಟಿಬಂದರು.

ಆ ದಿನಗಳಲ್ಲೇ ಅವರು ಅಕ್ಕನನ್ನು ಕರೆಸಿದ್ದು. ಹೋಟೆಲಿನ ಹಿತ್ತಲಲ್ಲಿ ಹಳೇ ಫ್ರಿಜ್ಜು ನಿಂತಿತ್ತು. ಆಳೆತ್ತರದ್ದು, ಎರಡು ಬಾಗಿಲಿನದು.

"ಗುಜರಿಗೆ ಹಾಕೋಕೆ ಮನಸ್ಸು ಬರಲಿಲ್ಲ ಪದ್ಮಮ್ಮ. ನೀನು ಬೇಸಿಗೇಲಿ ದಿನಾ ಅರ್ಧ ಹಿಟ್ಟು ಚರಂಡಿಗೆ ಸುರೀತೀಯ. ಕೈಲಾದಷ್ಟು ಕೊಟ್ಟು ತಗೊಂಡು ಹೋಗು. ಇನ್ನೂ ಹತ್ತು ವರ್ಷ ಓಡುತ್ತೆ."

ಅಕ್ಕ ಫ್ರಿಜ್ಜಿನ ಬಾಗಿಲು ಸವರಿದಳು. "ಇದು ಎಷ್ಟು ತಗೊಳ್ಳುತ್ತೆ ಅಯ್ಯಾ, ಕೈಯಿಂದ?"

ಅವರು ಸುಳ್ಳು ಹೇಳಲಿಲ್ಲ. "ತಗೊಳ್ಳುತ್ತಮ್ಮ. ನನಗೆ ಅಭ್ಯಾಸ ಆಗಿಹೋಗಿತ್ತು."

ಮನೆಗೆ ಬಂದ ಮೇಲೆ ನಾನು ಬೇಡವೆಂದೆ. ಅಕ್ಕ ನಕ್ಕಳು. "ಬೇಸಿಗೇಲಿ ಕೈ ತಣ್ಣಗಿದ್ರೆ ಒಳ್ಳೇದೇ ಕಣೇ ವನಜಾ. ಬೀಸಣಿಗೆ ಉಳಿಯುತ್ತೆ" ಎಂದಳು. ಅವಳಿಗೆ ಅಂದು ಎಷ್ಟು ಸಂತೋಷವಾಗಿತ್ತೆಂದರೆ, ಫ್ರಿಜ್ಜಿನ ಹಣೆಗೆ ಅರಿಸಿನ ಕುಂಕುಮ ಹಚ್ಚಿ, ಒಳಗೆ ಮೊದಲು ಒಂದು ತಂಬಿಗೆ ನೀರಿಟ್ಟು, ಅದು ತಣ್ಣಗಾಗುವವರೆಗೂ ಎದುರಿಗೇ ಕೂತಿದ್ದಳು.

ವ್ಯಾಪಾರ ಹಿಗ್ಗಿತು. ಎರಡು ಹೋಟೆಲು, ಒಂದು ಹಾಸ್ಟೆಲು, ಬೀದಿಯ ಮನೆಗಳು. ಉಳಿದ ಹಿಟ್ಟು ಹುಳಿಯದೆ ಉಳಿಯಿತು. ಬೇಸಿಗೆ ಪೂರ್ತಿ ಅಕ್ಕನಿಗೆ ಏನೂ ಅನ್ನಿಸಲಿಲ್ಲ. ಮಳೆ ಹಿಡಿದ ಮೇಲೆ ಒಂದು ಬೆಳಗ್ಗೆ ಅವಳು ನನ್ನನ್ನು ಎಬ್ಬಿಸಲು ಕೆನ್ನೆ ಮುಟ್ಟಿದಳು. ನಾನು ಬೆಚ್ಚಿಬಿದ್ದು ಎದ್ದು ಕೂತೆ. ಅವಳು ಕೈ ಹಿಂದಕ್ಕೆಳೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು. ಆಮೇಲೆ ಅವಳು ನನ್ನನ್ನು ಮುಟ್ಟಿ ಎಬ್ಬಿಸಲೇ ಇಲ್ಲ, ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆಯುತ್ತಿದ್ದಳು.

ಹಿಟ್ಟು ಏಳುವುದು ನಿಂತಿತು. ಒಮ್ಮೆಲೇ ಅಲ್ಲ. ಮೊದಲು ಮುಚ್ಚಳ ಏಳಲಿಲ್ಲ, ಆಮೇಲೆ ಅಂಚಿನವರೆಗೂ ಬರಲಿಲ್ಲ. ಒಂದು ದಿನ ಹಾಕಿದ್ದು ಹಾಕಿದಂತೆಯೇ ಬೆಳ್ಳಗೆ ಕೂತಿತ್ತು. ಅಕ್ಕ ಬಿಸಿನೀರಿನಲ್ಲಿ ಕೈ ಅದ್ದಿ ಅದ್ದಿ ಕಲಸಿ ನೋಡಿದಳು. ಒಲೆಯ ಪಕ್ಕ ಕೊಳಗ ಇಟ್ಟು, ಕಂಬಳಿ ಹೊದಿಸಿ ನೋಡಿದಳು. ಕೊನೆಗೆ ನಾನೇ ಹೊಲಿಗೆ ಬಿಟ್ಟೆದ್ದು ಕೈ ತೊಳೆದುಕೊಂಡು ಬಂದೆ. ಅವಳು ಪಕ್ಕದಲ್ಲಿ ನಿಂತು, ಬಲಕ್ಕೆ ತಿರುವು, ಅಡಿಯಿಂದ ಎತ್ತು, ಉಪ್ಪು ಸಾಲದು ಎಂದು ಹೇಳುತ್ತಿದ್ದಳು. ಹಿಟ್ಟು ಎದ್ದಿತು. ಆದರೆ ಹಾಸ್ಟೆಲಿನವರು ರುಚಿ ಬೇರೆಯಾಗಿದೆ ಎಂದರು. ನನ್ನ ಕೈಗೆ ಹೊಲಿಗೆಯೇ ಸರಿ, ಅಕ್ಕನ ಕೈಯ ಹದ ಬರಲಿಲ್ಲ.

ಅಷ್ಟರಲ್ಲಿ ಚುಕ್ಕಿ ಆಫೀಸು ಹೊಸ ಕಟ್ಟಳೆ ಮಾಡಿತು. ಐದನೆಯ ಚುಕ್ಕಿ ಬೇಕಾದ ಅಂಗಡಿಯವರು ಚುಕ್ಕಿ ಇದ್ದವರಿಂದಲೇ ಸರಕು ಕೊಳ್ಳಬೇಕು. ಶೇಷಪ್ಪಯ್ಯನವರ ಎದುರಿನ ಹೋಟೆಲಿಗೆ ಆಗಲೇ ಐದು ಬಂದಿತ್ತು, ಜನ ಆ ಕಡೆ ವಾಲುತ್ತಿದ್ದರು. ಅವರು ಆಳನ್ನು ಕಳಿಸದೆ ತಾವೇ ನಮ್ಮ ಮನೆಗೆ ಬಂದರು. ನಿಂತೇ ಮಾತಾಡಿದರು.

"ನೀನೂ ಒಂದು ಚುಕ್ಕಿ ಮಾಡಿಸಿಕೋಮ್ಮ. ಒಂದೇ ಆದ್ರೂ ಸಾಕು. ಇಲ್ದಿದ್ರೆ ನಂಗೆ ಕಷ್ಟ."

"ನಿಮ್ಮ ಫ್ರಿಜ್ಜೇ ಅಲ್ವಾ ಅಯ್ಯಾ ಇದು" ಎಂದಳು ಅಕ್ಕ. ಜಗಳದ ದನಿಯಲ್ಲಿ ಅಲ್ಲ, ನೆನಪು ಮಾಡಿಕೊಡುವವಳ ಹಾಗೆ.

ಅವರು ತಮ್ಮ ಕೈಗಳನ್ನು ನೋಡಿಕೊಂಡರು. "ಗೊತ್ತಮ್ಮ. ಅದಕ್ಕೇ ನಾನೇ ಬಂದೆ" ಎಂದು ಹೇಳಿ ಮೆಟ್ಟಿಲಿಳಿದು ಹೋದರು.

ಅಕ್ಕ ರೆಹಾನಾ ಮೇಡಂ ಅವರನ್ನು ಕರೆಸಿದಳು. ಮೇಡಂ ಮೀಟರು ಹಚ್ಚಿ ಬಹಳ ಹೊತ್ತು ಕೂತರು. ಆಮೇಲೆ ಅಕ್ಕನ ಕೈ ಹಿಡಿದುಕೊಂಡರು. ಹಿಡಿದವರು ಬೇಗ ಬಿಡಲಿಲ್ಲ. ತಮ್ಮ ಕೈಯಿಂದ ಸ್ವಲ್ಪ ಶಾಖ ಹೋದರೆ ಹೋಗಲಿ ಎಂಬಂತೆ ತಿಕ್ಕುತ್ತಿದ್ದರು.

"ಅಮ್ಮಾ, ಇದನ್ನ ಆಫೀಸಿಗೆ ಕೊಟ್ಬಿಡಿ. ನಿಮ್ಮ ಕಣ್ಣೆದುರೇ ಒಡೆದು ಹಾಕ್ತೀವಿ, ಇನ್ನೊಬ್ಬರ ಮನೆಗೆ ಹೋಗಬಾರದಲ್ಲ. ಹೊಸದಕ್ಕೆ ರಿಯಾಯಿತಿ ಚೀಟಿ ಕೊಡ್ತೀವಿ."

"ರಿಯಾಯಿತಿ ಹೋಗಿ ಮಿಕ್ಕಿದ್ದು?"

ಮೇಡಂ ತಲೆ ತಗ್ಗಿಸಿದರು. "ಅದು ನೀವೇ ಹಾಕಬೇಕಮ್ಮ. ನನ್ನ ಕೈಲಿರೋದು ಚೀಟಿ ಅಷ್ಟೇ."

ಅಕ್ಕ ಆಗಲೂ ತಡೆದುಕೊಳ್ಳುತ್ತಿದ್ದಳೇನೋ. ಮೇಲಿನ ಬೀದಿ ಹೋದರೆ ಕೆಳಗಿನ ಕೇರಿ ಇದೆ, ವನಜಾ ಕಲಸಿದ್ದನ್ನೇ ಮಾರಿದರಾಯಿತು ಎಂದುಕೊಂಡಿದ್ದಳು. ಆದರೆ ಕುಮುದ ಬಸುರಿಯಾಗಿದ್ದಳು. ಅವಳನ್ನು ಕೊಟ್ಟಿದ್ದು ಬಳೆ ಅಂಗಡಿಯವರ ಮನೆಗೆ, ಐದು ಚುಕ್ಕಿಯ ಮನೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಕೇಳಲು ಅಕ್ಕ ಎಲೆ ಅಡಿಕೆ, ಹಣ್ಣು ತೆಗೆದುಕೊಂಡು ಹೋದಳು. ನಾನೂ ಜೊತೆಗಿದ್ದೆ. ಬೀಗಿತ್ತಿ ಸರ್ವಮಂಗಳಮ್ಮ ತಟ್ಟೆಯನ್ನು ಈಸಿಕೊಳ್ಳುವಾಗ ಅಕ್ಕನ ಬೆರಳು ತಾಗಿತು. ಅವರು ತಟ್ಟೆಯನ್ನು ಕೆಳಗಿಟ್ಟುಬಿಟ್ಟರು.

"ನೀವು ತಪ್ಪು ತಿಳೀಬಾರದು" ಎಂದರು ಅವರು. ಕೆಟ್ಟ ಹೆಂಗಸಲ್ಲ ಅವರು. "ಹಸಿ ಮೈಯ ಮಗು. ಈ ಕೈಲಿ ಎಣ್ಣೆ ಹಚ್ಚೋಕಾಗುತ್ತಾ? ನೀರು ಹಾಕೋಕಾಗುತ್ತಾ? ನೀವೇ ಹೇಳಿ. ಬಾಣಂತನ ನಾವೇ ಮಾಡ್ಕೋತೀವಿ. ನೀವು ಬಂದು ನೋಡ್ಕೊಂಡು ಹೋಗಿ."

ಕುಮುದ ಬಾಗಿಲ ಹಿಂದೆ ನಿಂತಿದ್ದಳು. ಅಮ್ಮ ಎನ್ನಲಿಲ್ಲ, ಅತ್ತೆ ಎನ್ನಲಿಲ್ಲ. ಅಕ್ಕ ಮನೆಗೆ ಬಂದು ಚಾಪೆ ಹಾಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಹೊತ್ತು ಮುಳುಗುವಾಗ ಎದ್ದು, "ಫ್ರಿಜ್ಜು ಮಾರ್ತೀನಿ ಅಂತ ಕೆಳಗಿನ ಕೇರೀಲಿ ಹೇಳಿಬಿಡು" ಎಂದಳು.

ಮಾರುವುದಕ್ಕೆ ಕೆಳಗಿನ ಕೇರಿಯೇ. ಮೇಲಿನ ಬೀದಿಯಲ್ಲಿ ಇಂಥದ್ದನ್ನು ಯಾರೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಎಷ್ಟು ಹಳೇ ಫ್ಯಾನು, ಎಷ್ಟು ಹಳೇ ಮೋಟಾರು, ಇಸ್ತ್ರಿ ಪೆಟ್ಟಿಗೆ, ಟೀವಿಗಳು ಆ ಎರಡು ವರ್ಷದಲ್ಲಿ ಗಾಡಿ ಮೇಲೆ ಕೆಳಗಿಳಿದುಹೋದವೋ. ನೋಡಲು ಬಂದವಳು ಚೆಲುವಿ. ಗಂಡ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಅವಳ ಸೊಂಟದಲ್ಲಿ ಮೂರು ತಿಂಗಳ ಗಂಡು ಕೂಸು, ಮಾದೇವ, ತಾಯಿಯ ಬೆರಳು ಚೀಪುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಮಜ್ಜಿಗೆ ಮಾರಬೇಕು, ಅದಕ್ಕೆ ಫ್ರಿಜ್ಜು ಬೇಕು ಎಂದಳು.

ಅಕ್ಕ ಅವಳ ಕೈ ಮುಟ್ಟಿ ನೋಡಿದಳು. ಕೆಂಡದ ಬದಿಯಲ್ಲಿಟ್ಟ ಹಂಚಿನ ಹಾಗೆ ಬೆಚ್ಚಗಿತ್ತಂತೆ.

"ಇದು ಕೈಯಿಂದ ತುಂಬಾ ತಗೊಳ್ಳುತ್ತೆ ಚೆಲುವಿ. ನನ್ನ ಕೈ ಮುಟ್ಟಿ ನೋಡು. ನಿಂಗೆ ಎಳೇ ಮಗು ಇದೆ."

ಚೆಲುವಿ ಮುಟ್ಟಿ ನೋಡಿದಳು. ಒಂದು ಕ್ಷಣ ಮಗುವಿನ ಬಾಯಿಂದ ಬೆರಳು ಬಿಡಿಸಿಕೊಂಡು ನೋಡಿಕೊಂಡಳು. "ಮಗ ಅದೆ ಅಂತಾನೇ ಬೇಕು ಕಣಕ್ಕ" ಎಂದಳು.

ಒಳಗೆ ನೀರು ತರಲು ಹೋದ ಅಕ್ಕನ ಹಿಂದೆ ನಾನೂ ಹೋದೆ. "ಬೇಡ ಅಕ್ಕ, ಆಫೀಸಿಗೆ ಕೊಟ್ಟು ಒಡೆಸಿಬಿಡು. ಹೇಗಾದ್ರೂ ಮಾಡೋಣ" ಎಂದೆ.

ಅವಳು ನನ್ನನ್ನು ನೋಡಿದ ರೀತಿ ಇನ್ನೂ ನನ್ನ ಕಣ್ಣ ಮುಂದಿದೆ. "ನಂಗೆ ಕೊಡುವಾಗ ಯಾರಾದ್ರೂ ಬೇಡ ಅಂದ್ರಾ?" ಎಂದಳು. ಆಮೇಲೆ ಅದಕ್ಕಿಂತ ಮೆಲ್ಲಗೆ, "ಮೊಮ್ಮಗೂನ ಮುಟ್ಟಬೇಕು ಕಣೇ ನಾನು" ಎಂದಳು.

ಫ್ರಿಜ್ಜು ಹೋದ ವಾರಕ್ಕೆ ಅಕ್ಕನ ಬೆರಳಿಗೆ ಬಣ್ಣ ಬಂತು. ಬಂದ ದುಡ್ಡಿಗೆ ಇನ್ನಷ್ಟು ಸೇರಿಸಿ ಮೂರು ಚುಕ್ಕಿಯ ಒಂದು ಪುಟ್ಟ ಫ್ರಿಜ್ಜು ತಂದಳು. ರೆಹಾನಾ ಮೇಡಂ ಬಂದು ಬಾಗಿಲಿಗೆ ಚೀಟಿ ಅಂಟಿಸಿದರು. ಹಳೆಯದು ಎಲ್ಲಿ ಎಂದು ಕೇಳಿದರು. ಮಾರಿದೆ ಎಂದಳು ಅಕ್ಕ. ಮೇಡಂ ಚೀಟಿಯ ಮೂಲೆ ಏಳದ ಹಾಗೆ ಉಗುರಿನಿಂದ ಉಜ್ಜಿ ಹೊರಟುಹೋದರು. ಹಿಟ್ಟು ಮತ್ತೆ ಮುಚ್ಚಳ ಎತ್ತಿತು. ಶೇಷಪ್ಪಯ್ಯನವರಿಗೆ ಐದನೆಯ ಚುಕ್ಕಿ ಬಂತು. ಬೀಗಿತ್ತಿ ತಾವೇ ಕುಮುದಳನ್ನು ಕರೆತಂದು ಬಿಟ್ಟರು.

ಹೆಣ್ಣು ಮಗು ಹುಟ್ಟಿತು. ಬಚ್ಚಲಿನಲ್ಲಿ ಅಕ್ಕ ಮಣೆಯ ಮೇಲೆ ಕೂತು, ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಹರಳೆಣ್ಣೆ ಹಚ್ಚುವುದನ್ನು ನೋಡಬೇಕಿತ್ತು. ಬೆನ್ನು ನೀವಿ, ತೋಳು ನೀವಿ, ಹಂಡೆಯ ಬಿಸಿನೀರನ್ನು ಚೊಂಬಿನಲ್ಲಿ ತುಂಬಿ ಅಂಗೈಯಿಂದ ತಡೆದು ತಡೆದು ಹುಯ್ಯುತ್ತಿದ್ದಳು. ಮಗು ಅಳುವುದನ್ನೂ ಮರೆತು ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ಸಾಂಬ್ರಾಣಿ ಹೊಗೆ ಹಾಕಿ, ಬಟ್ಟೆ ಸುತ್ತಿ ಕೊಟ್ಟರೆ ಸಾಯಂಕಾಲದವರೆಗೆ ನಿದ್ದೆ. ಅಕ್ಕ ಆ ದಿನಗಳಲ್ಲಿ ಹಾಡಿಕೊಳ್ಳುತ್ತಿದ್ದಳು. ಭಾವ ಹೋದ ಮೇಲೆ ಅವಳು ಹಾಡಿದ್ದನ್ನು ನಾನು ಕೇಳಿದ್ದು ಆಗಲೇ.

ಚೆಲುವಿಯ ಸುದ್ದಿ ಆಗಾಗ ಬರುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಅವಳ ಮಜ್ಜಿಗೆಗೆ ಜನ ಮುಗಿಬೀಳುತ್ತಾರಂತೆ. ಮಜ್ಜಿಗೆಗೆ ಚುಕ್ಕಿ ಯಾರೂ ಕೇಳುವುದಿಲ್ಲ. ತಣ್ಣನೆಯ ಕೈಯಿಂದ ಲೋಟ ಈಸಿಕೊಂಡರೆ ಬಿಸಿಲಲ್ಲಿ ಬಂದವರಿಗೆ ಹಾಯೆನಿಸುತ್ತದೆ. "ಕೈಗುಣ ಅಂದ್ರೆ ಇವಳದು" ಎಂದು ಡ್ರೈವರುಗಳು ಹೇಳುತ್ತಿದ್ದರಂತೆ. ಅಕ್ಕ ಇದನ್ನು ಕೇಳಿ ಒಳ್ಳೆಯದಾಯಿತು ಎಂದಳು. ಮತ್ತೆ ಮತ್ತೆ ಹಾಗೆಂದಳು.

ಚಳಿ ಶುರುವಾದ ಮೇಲೆ ಒಂದು ಬೆಳಗ್ಗೆ ಚೆಲುವಿ ನಮ್ಮ ಬಾಗಿಲಿಗೆ ಬಂದಳು. ಮಗುವನ್ನು ದಪ್ಪ ಕೌದಿಯಲ್ಲಿ ಸುತ್ತಿ, ಕೈ ಎಲ್ಲೂ ಸೋಕದಂತೆ ಮೊಣಕೈ ಮೇಲೆ ಹೊತ್ತಿದ್ದಳು.

"ಪದ್ಮಕ್ಕ, ನಾನು ಮುಟ್ಟುದ್ರೆ ಇವ್ನು ಚೀರ್ತಾನೆ. ಹಾಲು ಕುಡ್ಸೋವಾಗ್ಲೂ ದಿಂಬಿನ ಮೇಲೆ ಮಲಗ್ಸಿ ನಾನು ಬಗ್ಗಬೇಕು. ನೀರು ಹುಯ್ಯಕ್ಕೆ ಆಗ್ತಾ ಇಲ್ಲ, ಮೈಯೆಲ್ಲ ಗುಳ್ಳೆ ಎದ್ದವೆ. ಕೇರೀಲಿ ಯಾರ್ ಕೈ ಬೆಚ್ಗಿದ್ದಾದು ಹೇಳಿ? ಎಲ್ಲರ ಮನೇಲೂ ಇಂತಾವೇ ಮಿಷನ್ನು. ಒಂದ್ಸಲ ನೀವು ಹುಯ್ದುಕೊಡಿ."

ಅಕ್ಕ ಆಗತಾನೇ ಮೊಮ್ಮಗಳಿಗೆ ನೀರು ಹಾಕಿ ಎದ್ದಿದ್ದಳು. ಸೆರಗಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಮತ್ತೆ ಕೂತು ಕಾಲು ಚಾಚಿದಳು. ಮಾದೇವ ಮೊದಲು ಮುದುರಿಕೊಂಡ. ಕೈ ಎಂದರೆ ಹೆದರುವ ಮಗುವಾಗಿಬಿಟ್ಟಿದ್ದ. ಅಕ್ಕನ ಅಂಗೈ ಬೆನ್ನಿಗೆ ತಾಗಿದ ಮೇಲೆ ಮೆಲ್ಲಗೆ ಬಿಚ್ಚಿಕೊಂಡ. ಚೆಲುವಿ ಬಚ್ಚಲ ಬಾಗಿಲಲ್ಲಿ ಕೈಗಳನ್ನು ಬಗಲಿಗೆ ಸೇರಿಸಿಕೊಂಡು ನಿಂತು ನೋಡುತ್ತಿದ್ದಳು.

ಆವತ್ತಿನಿಂದ ದಿನವೂ ಅವಳು ಮಾದೇವನನ್ನು ತಂದಳು. ನೀರು ಹಾಕಿಸಿ, ಬಸ್‌ಸ್ಟ್ಯಾಂಡಿಗೆ ಹೋಗುವಾಗ ನಮ್ಮಲ್ಲೇ ಬಿಟ್ಟುಹೋಗುವುದು ರೂಢಿಯಾಯಿತು. ಬಾಣಂತನ ಮುಗಿಸಿ ಕುಮುದ ಹೊರಟಳು. ಹೊರಡುವ ದಿನ, "ಇನ್ನಾದ್ರೂ ಸ್ವಲ್ಪ ಕೂತ್ಕೋ ಅಮ್ಮ. ಕಂಡೋರ ಮಗೂಗೆ ಎಷ್ಟು ದಿನ ಮಾಡ್ತೀಯ?" ಎಂದಳು. ಅಕ್ಕ ಮೊಮ್ಮಗಳ ಪಾದಗಳನ್ನು ಕೈಯಲ್ಲಿ ಮುಚ್ಚಿಟ್ಟುಕೊಂಡಿದ್ದಳು. ಮರುದಿನವೂ ಹಂಡೆಗೆ ಉರಿ ಹಾಕಿದಳು.

ನಾನು ಚೆಲುವಿಗೆ ಹಳೇ ಕೌದಿಯ ತುಂಡಿನಿಂದ ಎರಡು ಕೈಗವಸು ಹೊಲಿದುಕೊಟ್ಟೆ. ಒಂದಷ್ಟು ದಿನ ಅದನ್ನು ತೊಟ್ಟು ಮಗುವನ್ನು ಎತ್ತಿಕೊಂಡಳು. ಮೂರು ಪದರದ ಬಟ್ಟೆಯ ಒಳಗಿಂದಲೂ ತಣ್ಣಗೆ ಇಳಿಯುತ್ತಿತ್ತಂತೆ. ಅಕ್ಕ ಅದನ್ನು ನೋಡಲಾರದೆ ಒಂದು ದಿನ ಬಾಯಿಬಿಟ್ಟು ಹೇಳಿದಳು. "ಆ ಫ್ರಿಜ್ಜನ್ನ ನಂಗೇ ವಾಪಸ್ ಕೊಟ್ಬಿಡೇ. ನೀನು ಕೊಟ್ಟಿದ್ದನ್ನ ಹೇಗಾದ್ರೂ ಹೊಂದಿಸಿ ಕೊಡ್ತೀನಿ. ನನ್ನ ಮೊಮ್ಮಗೂನ ಎತ್ತಿ ಆಡಿಸಿದ್ದಾಯ್ತು. ಇನ್ನು ಈ ಕೈ ಹೇಗಿದ್ರೇನು?"

ಚೆಲುವಿ ತಲೆ ಅಲ್ಲಾಡಿಸಿದಳು. "ಬ್ಯಾಡಿ ಅಕ್ಕ. ಯಾಪಾರ ಕುದುರ್ಕೊಂಡದೆ. ಇವರಪ್ಪಂಗೂ ಬೆನ್ನು ನೋವು, ಮೂಟೆ ಹೊರಕ್ಕಾಗಲ್ಲ." ಮಗನ ಕಡೆ ನೋಡಿ, "ನಿಮ್ ಕೈಯೂ ತಣ್ಣಗಾದ್ರೆ ಇವ್ನಿಗೆ ನೀರು ಹುಯ್ಯೋರು ಯಾರು?" ಎಂದಳು.

ಅಕ್ಕ ಎದ್ದು ಹಂಡೆಯ ಉರಿಗೆ ಇನ್ನೊಂದು ಸೌದೆ ಇಟ್ಟಳು.

ಆ ವರ್ಷದ ಕೊನೆಗೆ ನಮ್ಮೂರಿಗೇ ಒಂದು ದೊಡ್ಡ ಪ್ರಶಸ್ತಿ ಬಂತು. ಸುತ್ತಲ ಸೀಮೆಯಲ್ಲಿ ಕರೆಂಟು ದಂಡ ಮಾಡದ ಊರು ಎಂದರೆ ಇದೇ ಎಂದು ಹೇಳಿ, ಮೇಲಿನ ಬೀದಿಯಲ್ಲಿ ಪೆಂಡಾಲು ಹಾಕಿ ಸಭೆ ಮಾಡಿದರು. ಶೇಷಪ್ಪಯ್ಯನವರನ್ನು ಕರೆದು ಶಾಲು ಹೊದಿಸಿದರು. ಅವರು ಭಾಷಣ ಮಾಡಲಿಲ್ಲ, ಮೈಕಿನ ಮುಂದೆ ನಿಂತು ಕೈ ಮುಗಿದು ಕೂತುಬಿಟ್ಟರು. ನಾನು ರೆಹಾನಾ ಮೇಡಂ ಅವರನ್ನು ಅಲ್ಲೇ ಕೇಳಿದೆ, ಕೆಳಗಿನ ಕೇರಿಯನ್ನೂ ಅಳೆದಿರಾ ಎಂದು. "ಅರ್ಜಿ ಹಾಕಿದವರದ್ದು ಮಾತ್ರ ಅಳೀತೀವಿ ವನಜಮ್ಮ. ಅಲ್ಲಿಂದ ಒಂದೂ ಅರ್ಜಿ ಬಂದಿಲ್ಲ" ಎಂದರು. ಹೇಳಿದವರ ಮುಖ ಸಣ್ಣಗಾಗಿತ್ತು. ಸಭೆಗೆ ಬಂದವರಿಗೆಲ್ಲ ಕೊಟ್ಟದ್ದು ಚೆಲುವಿಯ ಮಜ್ಜಿಗೆ. ಬಹಳ ಚೆನ್ನಾಗಿದೆ ಎಂದು ಎಲ್ಲರೂ ಎರಡೆರಡು ಲೋಟ ಕುಡಿದರು.

ಮಾದೇವನಿಗೆ ವರ್ಷ ತುಂಬಿದ ಮೇಲೆ, ಬೇಸಿಗೆಯಲ್ಲಿ, ಜ್ವರ ಬಂತು. ಅಂದು ಅವನು ನಮ್ಮ ಮನೆಯಲ್ಲೇ ಇದ್ದ. ಮಧ್ಯಾಹ್ನದ ಹೊತ್ತಿಗೆ ಮೈ ಕಾದ ಕಾವಲಿಯಾಗಿತ್ತು. ಡಾಕ್ಟರು ಔಷಧ ಕೊಟ್ಟು, ಒದ್ದೆ ಬಟ್ಟೆ ಹಾಕುತ್ತಿರಿ ಎಂದು ಹೇಳಿ ಕಳಿಸಿದರು. ಬಟ್ಟೆ ಹಾಕಿದಷ್ಟು ಬೇಗ ಒಣಗುತ್ತಿತ್ತು. ಅಕ್ಕ ಎತ್ತಿಕೊಂಡರೆ ಹುಡುಗ ಒದ್ದಾಡಿ ಜಾರುತ್ತಿದ್ದ. ಅಷ್ಟು ದಿನ ಯಾವ ಕೈಗಾಗಿ ಹಂಬಲಿಸುತ್ತಿದ್ದನೋ ಅದನ್ನೇ ಎರಡೂ ಕೈಯಿಂದ ದೂಡುತ್ತಿದ್ದ. ನಾನು ಓಡಿಹೋಗಿ ಚೆಲುವಿಯನ್ನು ಕರೆತಂದೆ. ಅವಳು ಬಾಗಿಲ ಹತ್ತಿರವೇ ನಿಂತುಬಿಟ್ಟಳು.

"ಬಾರೇ, ಹಣೆ ಮೇಲೆ ಕೈ ಇಡು" ಎಂದಳು ಅಕ್ಕ.

"ಬ್ಯಾಡಿ ಅಕ್ಕ. ಮೊದ್ಲೇ ಬಳಲವ್ನೆ, ಇನ್ನು ನಾನು ಮುಟ್ಟುದ್ರೆ..."

ಅಕ್ಕ ಎದ್ದು ಹೋಗಿ ಅವಳ ಮಣಿಕಟ್ಟು ಹಿಡಿದು ಎಳೆದುಕೊಂಡು ಬಂದು, ಆ ಕೈಯನ್ನು ಮಗುವಿನ ಹಣೆಯ ಮೇಲೆ ತಾನೇ ಇಟ್ಟಳು. ಚೆಲುವಿ ಕಣ್ಣು ಮುಚ್ಚಿಕೊಂಡಳು. ಹುಡುಗ ಚೀರಲಿಲ್ಲ. ನರಳುವುದನ್ನು ನಿಲ್ಲಿಸಿ ಸುಮ್ಮನಾದ. ಸ್ವಲ್ಪ ಹೊತ್ತಿಗೆ ತನ್ನ ಎರಡೂ ಪುಟ್ಟ ಕೈಗಳಿಂದ ಆ ಕೈಯನ್ನು ಹಿಡಿದು ಕೆನ್ನೆಗೆ ಒತ್ತಿಕೊಂಡ, ಆಮೇಲೆ ಕತ್ತಿಗೆ, ಆಮೇಲೆ ಎದೆಗೆ. ಚೆಲುವಿ ಕೂತ ಜಾಗದಿಂದ ಏಳಲಿಲ್ಲ. ಕಾಲು ಜೋಮು ಹಿಡಿದರೂ ಬದಲಾಯಿಸಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮಜ್ಜಿಗೆಯ ಕೊಡ ಹಾಗೇ ಇತ್ತು. ಸಂಜೆ ಅವಳ ಗಂಡ ಬಂದು ಕರೆದರೂ ತಿರುಗಿ ನೋಡಲಿಲ್ಲ. ಮಗನ ರೆಪ್ಪೆ, ಕಿವಿ, ಮೂಗಿನ ತುದಿ, ಒಂದೊಂದನ್ನೇ ಬೆರಳಿಂದ ಸವರುತ್ತಿದ್ದಳು, ಈಗತಾನೇ ಹೆತ್ತವಳ ಹಾಗೆ. ಅಕ್ಕ ಅಡಿಗೆಮನೆಗೆ ಬಂದು ಒಲೆಯ ಮುಂದೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಬೆಳಗ್ಗೆ ಜ್ವರ ಬಿಟ್ಟಿತ್ತು. ಮಾದೇವ ಬೆವರಿ, ಎದ್ದು ಕೂತು, ಸುತ್ತ ನೋಡಿದ. ಚೆಲುವಿ ನಗುತ್ತ ಕೈ ಚಾಚಿದಳು. ಬೆರಳು ತೋಳಿಗೆ ತಾಗುತ್ತಲೇ ಅವನು ಬೆಚ್ಚಿ, ಚಿಟ್ಟನೆ ಚೀರಿ, ತೆವಳಿಕೊಂಡು ಹೋಗಿ ಅಕ್ಕನ ಮಡಿಲಲ್ಲಿ ಮುಖ ಹುದುಗಿಸಿದ.

ಚೆಲುವಿಯ ಕೈ ಚಾಚಿದ ಹಾಗೇ ಒಂದು ಗಳಿಗೆ ನಿಂತಿತ್ತು. ಆಮೇಲೆ ಬಗಲಿಗೆ ಸೇರಿಸಿಕೊಂಡಳು.

"ನೆನ್ನೆ ಇವ್ನ ಜ್ವರ ಇಳೀದೇ ಇರ್ಲಿ ಅಂತ ಅನ್ನುಸ್ಬಿಡ್ತು ಪದ್ಮಕ್ಕ" ಎಂದಳು, ಯಾರ ಮುಖವನ್ನೂ ನೋಡದೆ. "ಒಂದ್ ಗಳಿಗೆ. ಹೆತ್ತೋಳಿಗೆ."

ಅಕ್ಕ ಮಗುವಿನ ಬೆನ್ನ ಮೇಲಿದ್ದ ತನ್ನ ಕೈಯನ್ನು ತೆಗೆಯಲು ಹೋದಳು. ತೆಗೆದರೆ ಅವನು ಅಳುತ್ತಾನೆಂದು ಹಾಗೇ ಬಿಟ್ಟಳು. ಬಚ್ಚಲಿನಲ್ಲಿ ಹಂಡೆಯ ನೀರು ಕಾದಿತ್ತು. ಚೆಲುವಿ ಎದ್ದು ಸೀರೆ ಕೊಡವಿಕೊಂಡು, "ಮೊದಲ್ನೇ ಬಸ್ಸು ಬರೋ ಹೊತ್ತಾಯ್ತು" ಎಂದು ಹೇಳಿ ಹೊರಟಳು.

ಅಂದು ಬಿಸಿಲು ಜೋರಾಗಿತ್ತು. ಮಧ್ಯಾಹ್ನದೊಳಗೆ ಮಜ್ಜಿಗೆಯೆಲ್ಲ ಖಾಲಿಯಾಯಿತಂತೆ.